ಕೈಯಿಂದ ಕೆತ್ತುವ ಮರದ ತೂಗುಕುದುರೆ: ಒಡಲನ್ನು ಕಟ್ಟುವುದು ಹೇಗೆ, ಕಾಲುಗಳನ್ನು ಕೂಡಿಸುವುದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ ಮಾದರಿಯ ತೂಗುಕುದುರೆಯೊಂದನ್ನು ನನ್ನ ಮೂರು ವರ್ಷದ ಮೊಮ್ಮಗಳಿಗಾಗಿ ಮಾಡಬೇಕೆಂದಿದ್ದೇನೆ. ತಲೆ, ಕತ್ತು, ಒಡಲು, ನಾಲ್ಕು ಕಾಲುಗಳನ್ನು ಪೂರ್ತಿಯಾಗಿ ಕೆತ್ತಿ, ಬೂದು ಬಣ್ಣದ ಮೇಲೆ ಮಚ್ಚೆಗಳನ್ನು ಮೂಡಿಸಿ, ಜೀನು ಲಗಾಮು ತೊಡಿಸಿದ ಕುದುರೆ ಅದು. ಚನ್ನಪಟ್ಟಣದ ತೂಗುಕುದುರೆಗಳನ್ನು ನಾನು ಬಲ್ಲೆ, ಅವುಗಳ ಬಗ್ಗೆ ಗೌರವವೂ ಇದೆ. ಆದರೆ ನಾನು ನೋಡಿದವೆಲ್ಲ ಹಲಗೆಯನ್ನು ಕುದುರೆಯ ಆಕಾರಕ್ಕೆ ಕತ್ತರಿಸಿ ಜೋಡಿಸಿದಂಥವು. ನನಗೆ ಬೇಕಾಗಿರುವುದು ಭುಜದ ಉಬ್ಬು, ಅರಳಿದ ಹೊಳ್ಳೆ, ಕತ್ತಿನ ತಿರುವು ಇವೆಲ್ಲ ಮಗುವಿನ ಅಂಗೈಗೆ ತಿಳಿಯುವಂಥ ಕೆತ್ತನೆ.

ನಿವೃತ್ತಿಯ ನಂತರ ಮರಗೆಲಸ ಕಲಿತವನು ನಾನು. ಮಣೆ, ಮೇಜು, ದೇವರ ಮಂಟಪ ಇವುಗಳನ್ನು ಮಾಡಿರುವುದರಿಂದ ಗರಗಸ, ಉಜ್ಜುಗೊರಡು, ಉಳಿಗಳ ಬಳಕೆ ಗೊತ್ತಿದೆ. ಆದರೆ ಪ್ರಾಣಿಯ ದೇಹವನ್ನು ಕೆತ್ತಿದ ಅನುಭವವಿಲ್ಲ. ಮನೆಯ ಹಿಂದೆ ಬಿದ್ದ ಹಲಸಿನ ಮರದ ದಿಮ್ಮಿಯೊಂದು ಒಣಗಿ ನಿಂತಿದೆ. ಒಡಲನ್ನು ಅದೊಂದರಿಂದಲೇ ಕೆತ್ತಬಹುದೇ, ಅಥವಾ ಹಲಗೆಗಳನ್ನು ಅಂಟಿಸಿ ಕಟ್ಟಬೇಕೇ? ಮಗುವಿನ ಭಾರ ಪ್ರತಿ ತೂಗಿಗೂ ಕಾಲುಗಳ ಬುಡವನ್ನು ಎಳೆದಾಡುವುದರಿಂದ ಅಲ್ಲಿಯ ಕೂಡಿಕೆ ಎಂಥದಿರಬೇಕು? ಬಣ್ಣದ ಕೆಳಗೆ ಬಿಳಿಯ ಗಾರೆಯಂಥ ಲೇಪವೊಂದನ್ನು ಕೊಡುತ್ತಾರೆಂದು ಓದಿದ್ದೇನೆ. ನಮ್ಮ ಮಲೆನಾಡಿನ ಮಳೆಗಾಲವನ್ನು ಅದು ತಾಳುತ್ತದೆಯೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಯಾರ್ಕ್‌ಷೈರ್ ಕನ್ನಡಿಗ

ತುಂಗಾತೀರ ಅವರೇ, ನಮಸ್ಕಾರ. ನಾನು ಹಾವೇರಿ ಕಡೆಯವನು. ಇಂಗ್ಲೆಂಡಿನಲ್ಲಿ ನೆಲೆಸಿದ ಮೇಲೆ ಹಳೆಯ ತೂಗುಕುದುರೆಗಳನ್ನು ದುರಸ್ತಿ ಮಾಡುವ ಕುಶಲಕರ್ಮಿಯೊಬ್ಬರ ಬಳಿ ಈ ಕೆಲಸವನ್ನು ಕಲಿತೆ. ನೂರು ವರ್ಷಕ್ಕೂ ಹಳೆಯ ಕುದುರೆಗಳನ್ನು ಬಿಚ್ಚಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಅವು ಇಷ್ಟು ಕಾಲ ಬಾಳಿರುವುದು ಕೆತ್ತನೆಯ ಚೆಲುವಿನಿಂದಲ್ಲ, ಕೆತ್ತನೆಗೆ ಮೊದಲು ಮರದ ತುಂಡುಗಳನ್ನು ಯಾವ ನಾರಿನ ದಿಕ್ಕಿನಲ್ಲಿ ಕತ್ತರಿಸಿ ಹೇಗೆ ಕೂಡಿಸಿದರು ಎಂಬುದರಿಂದ. ಹಾಗಾಗಿ ಉಳಿ ಹಿಡಿಯುವ ಮೊದಲು ಕುದುರೆಯನ್ನು ಕಟ್ಟುವುದಕ್ಕೆ ಹೆಚ್ಚಿನ ಗಮನ ಕೊಡಿ.

ಇಡೀ ದಿಮ್ಮಿಯಿಂದ ಕೆತ್ತುವ ಯೋಚನೆಯನ್ನು ಬಿಟ್ಟುಬಿಡಿ ಎಂದೇ ನನ್ನ ಸಲಹೆ. ನಡುತಿರುಳು ಒಳಗೇ ಉಳಿದಿರುವ ದಿಮ್ಮಿ ಇಂದಲ್ಲ ನಾಳೆ ತಿರುಳಿನಿಂದ ಹೊರಗಿನವರೆಗೆ ಸೀಳು ಬಿಡುತ್ತದೆ, ಏಕೆಂದರೆ ಮರವು ಒಣಗುವಾಗ ಸುತ್ತಳತೆಯ ದಿಕ್ಕಿನಲ್ಲಿ ಹೆಚ್ಚು, ತಿರುಳಿನತ್ತ ಕಡಿಮೆ ಕುಗ್ಗುತ್ತದೆ. ಅದಲ್ಲದೆ ಕುದುರೆಯ ಬೆನ್ನಿಗೆ ನಾರು ಉದ್ದಕ್ಕೆ ಬೇಕು, ಕಾಲಿಗೆ ಮೇಲಿನಿಂದ ಕೆಳಕ್ಕೆ ಬೇಕು, ಕತ್ತಿಗೆ ಓರೆಯಾಗಿ ಬೇಕು. ಒಂದೇ ದಿಮ್ಮಿ ಇದನ್ನೆಲ್ಲ ಕೊಡಲಾರದು. ದಿಮ್ಮಿಯನ್ನು ಹಲಗೆಗಳಾಗಿ ಸೀಳಿಸಿ, ತಿರುಳಿನ ಭಾಗವನ್ನು ಬೇರ್ಪಡಿಸಿ ಬಳಸಿದರೆ ಅದೇ ಹಲಸು ಉತ್ತಮ ವಸ್ತುವಾಗುತ್ತದೆ.

ಸಾಂಪ್ರದಾಯಿಕ ಒಡಲು ಒಳಗೆ ಟೊಳ್ಳಾದ ಪೆಟ್ಟಿಗೆ. ಕೆಳಗೆ ಸುಮಾರು 50 ಮಿಲಿಮೀಟರ್ ದಪ್ಪದ ಹಲಗೆಯ ಹೊಟ್ಟೆಭಾಗ, ಮೇಲೆ ಅಷ್ಟೇ ದಪ್ಪದ ಬೆನ್ನಿನ ಭಾಗ, ನಡುವೆ ಎರಡು ಪಕ್ಕದ ಹಲಗೆಗಳು ಹಾಗೂ ಎದೆ ಮತ್ತು ಹಿಂಭಾಗದ ಅಡ್ಡತುಂಡುಗಳು. ಟೊಳ್ಳಾಗಿಸುವುದು ಮರವನ್ನು ಉಳಿಸುವುದಕ್ಕೆ ಮಾತ್ರವಲ್ಲ. ತೆಳುವಾದ ಗೋಡೆಗಳು ಹವೆಯೊಂದಿಗೆ ಸಮನಾಗಿ ಹಿಗ್ಗಿ ಕುಗ್ಗುವುದರಿಂದ ಬಿರುಕು ಕಡಿಮೆಯಾಗುತ್ತದೆ, ಮೇಲ್ಭಾಗ ಹಗುರವಾಗಿರುವುದರಿಂದ ಕುದುರೆ ನೆಲೆಯಾಗಿ ನಿಲ್ಲುತ್ತದೆ. ಎಲ್ಲಿ ಎಷ್ಟು ಆಳಕ್ಕೆ ಕೆತ್ತಲಿದ್ದೀರಿ ಎಂಬುದನ್ನು ಮೊದಲೇ ಪೂರ್ಣ ಅಳತೆಯ ಚಿತ್ರದ ಮೇಲೆ ಗುರುತಿಸಿಕೊಳ್ಳಿ. ಇಲ್ಲವಾದರೆ ಹೊಟ್ಟೆಯ ಪಕ್ಕವನ್ನು ದುಂಡಾಗಿಸುವಾಗ ಉಳಿಯು ಟೊಳ್ಳಿನೊಳಕ್ಕೆ ತೂರಿಬಿಡಬಹುದು.

ಪೆಟ್ಟಿಗೆಯನ್ನು ಮುಚ್ಚುವ ಮೊದಲೇ ಕಾಲುಗಳನ್ನು ಹೊಟ್ಟೆಯ ಹಲಗೆಗೆ ಕೂಡಿಸಬೇಕು. ಆ ಹಲಗೆಯ ನಾಲ್ಕು ಮೂಲೆಗಳ ಹತ್ತಿರ ಅಂಚಿನಲ್ಲಿ ಓರೆಯಾದ ಕಚ್ಚುಗಳನ್ನು ಕತ್ತರಿಸಿ, ಕಾಲಿನ ಮೇಲ್ತುದಿಯನ್ನು ಅರ್ಧ ದಪ್ಪಕ್ಕೆ ಇಳಿಸಿ, ಅದರಲ್ಲಿ ಎಲ್ಲೂ ಸಂದು ಉಳಿಯದಂತೆ ಕೂರಿಸುತ್ತಾರೆ. ಕಾಲುಗಳು ಪಕ್ಕಕ್ಕೂ ಹಿಂದು ಮುಂದಕ್ಕೂ ಸ್ವಲ್ಪ ಅಗಲಿ ನಿಲ್ಲಬೇಕಾದ್ದರಿಂದ ಈ ಕಚ್ಚು ಎರಡು ಓರೆಗಳನ್ನು ಹೊಂದಿರುತ್ತದೆ, ಮತ್ತು ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವುದು ಇದೇ. ಮೊದಲು ರಟ್ಟಿನಲ್ಲಿ ಅಥವಾ ಬೇಡದ ಮರದಲ್ಲಿ ಒಂದು ಕಾಲನ್ನು ಮಾಡಿ ಕೋನವನ್ನು ನಿಶ್ಚಯಿಸಿಕೊಳ್ಳಿ. ಅಂಟು ಹಾಕಿ, ಸ್ಕ್ರೂಗಳಿಂದಲೋ ಮರದ ಗೂಟಗಳಿಂದಲೋ ಬಿಗಿದು, ಅಂಟು ಪೂರ್ತಿ ಒಣಗಿದ ಮೇಲೆ ಕಾಲಿನ ಮೇಲ್ಭಾಗಕ್ಕೂ ಒಡಲಿನ ಪಕ್ಕಕ್ಕೂ ಸೇರುವಂತೆ ಹೊರಗಿನಿಂದ ಇನ್ನೊಂದು ತುಂಡನ್ನು ಅಂಟಿಸುತ್ತಾರೆ. ನೀವು ಹೇಳಿದ ಭುಜದ ಉಬ್ಬು, ತೊಡೆಯ ಉಬ್ಬು ಮೂಡುವುದು ಈ ತುಂಡಿನಿಂದಲೇ. ಅದು ಕೂಡಿಕೆಯನ್ನು ಮರೆಮಾಡುತ್ತದೆ, ಜೊತೆಗೆ ಎಳೆತವನ್ನು ಒಡಲಿನ ಗೋಡೆಗೂ ಹಂಚುತ್ತದೆ.

ನಾರಿನ ದಿಕ್ಕಿಗೆ ಹಿಂಗಾಲು ದೊಡ್ಡ ಪರೀಕ್ಷೆ. ಹಿಂಬದಿಗೆ ಚೂಪಾಗಿ ಮಡಿಯುವ ಗೆಣ್ಣಿನ ಬಳಿ ಕಾಲು ತಿರುವು ತೆಗೆದುಕೊಳ್ಳುವುದರಿಂದ ಎಲ್ಲೋ ಒಂದು ಕಡೆ ನಾರು ಅಡ್ಡಲಾಗಿ ತುಂಡಾಗಲೇಬೇಕು. ಕಾಲು ಅತ್ಯಂತ ಸಣ್ಣಗಿರುವುದು ಗೆಣ್ಣಿನ ಕೆಳಗೆ. ನಾರು ಅಲ್ಲಿ ಉದ್ದಕ್ಕೆ ಓಡುವಂತೆ ಮಾದರಿಯನ್ನು ಹಲಗೆಯ ಮೇಲೆ ಇಡಿ. ದಪ್ಪವಾದ ತೊಡೆಯ ಭಾಗದಲ್ಲಿ ನಾರು ಓರೆಯಾದರೂ ತೊಂದರೆಯಿಲ್ಲ. ತಲೆಯಲ್ಲಿ ಕಿವಿಯ ತುದಿಯಿಂದ ಮೂತಿಯವರೆಗೆ, ಹಣೆಯ ರೇಖೆಗೆ ಸಮವಾಗಿ ನಾರು ಸಾಗಲಿ. ನಾರು ಅಡ್ಡಲಾದ ಕಿವಿಗಳು ಮಗುವಿನ ಕೈಯಲ್ಲಿ ಉಳಿಯುವುದಿಲ್ಲ.

ಶಿರಸಿಯ ಬಡಗಿ

ಯಾರ್ಕ್‌ಷೈರಿನ ಸ್ನೇಹಿತರು ಕಟ್ಟುವ ಕ್ರಮವನ್ನು ಬಹಳ ಚೆನ್ನಾಗಿ ವಿವರಿಸಿದ್ದಾರೆ. ತರುಣರಿಗೆ ಮರಗೆಲಸ ಕಲಿಸುತ್ತ ಬಂದವನಾಗಿ ನಾನು ಮರದ ಬಗ್ಗೆ ಮತ್ತು ಕೆತ್ತನೆಯ ಬಗ್ಗೆ ಹೇಳುತ್ತೇನೆ.

ಅಲ್ಲಿಯವರು ಒಡಲಿಗೆ ಪೈನ್, ಕಾಲಿಗೆ ಬೀಚ್, ತೂಗುವ ಪಟ್ಟಿಗೆ ಆಶ್ ಮರವನ್ನು ಬಳಸುತ್ತಾರೆ. ಮೃದುವಾಗಿ ಕೆತ್ತಿಸಿಕೊಳ್ಳುವ ಮರ ಒಂದು ಕಡೆ, ಪೆಟ್ಟು ತಾಳುವ ಮರ ಇನ್ನೊಂದು ಕಡೆ ಎಂಬ ಅದೇ ವಿವೇಕವನ್ನು ನಮ್ಮ ಮರಗಳಲ್ಲಿಯೂ ಪಾಲಿಸಬಹುದು. ತಲೆ, ಕತ್ತು, ಒಡಲಿಗೆ ನನ್ನ ಮೊದಲ ಆಯ್ಕೆ ಶಿವನೆ. ಅದು ಹಗುರ, ಒಣಗಿದ ಮೇಲೆ ತಿರುಚಿಕೊಳ್ಳುವುದು ಬಹಳ ಕಡಿಮೆ, ಉಳಿಗೆ ಎಲ್ಲ ದಿಕ್ಕಿನಿಂದಲೂ ಒದಗುತ್ತದೆ. ನಿಮ್ಮಲ್ಲಿರುವ ಹಲಸು ಅದಕ್ಕಿಂತ ಭಾರವಾದರೂ ಒಳ್ಳೆಯ ಮರವೇ; ವೀಣೆಯ ಕೊಡವನ್ನು ಕೊರೆಯುವುದು ಹಲಸಿನಲ್ಲಿ ಎಂಬುದು ನಿಮಗೆ ತಿಳಿದಿದೆ. ಅದನ್ನು ಕಾಲುಗಳಿಗೂ ಧಾರಾಳವಾಗಿ ಬಳಸಿ. ತೂಗುವ ಪಟ್ಟಿಗೆ ಹೊನ್ನೆ ಅಥವಾ ಮತ್ತಿ ಸಿಕ್ಕರೆ ಒಳ್ಳೆಯದು. ಸಾಗುವಾನಿಯನ್ನು ಮಾತ್ರ ಇಡೀ ಕುದುರೆಗೆ ಬಳಸಲು ಹೋಗಬೇಡಿ. ಬಣ್ಣ ಮುಚ್ಚಲಿರುವ ಕೆಲಸಕ್ಕೆ ಅಷ್ಟು ಬೆಲೆಯ ಮರ ವ್ಯರ್ಥ. ಅದರ ಎಣ್ಣೆಯ ಅಂಶ ಅಂಟು ಹಿಡಿಯುವುದಕ್ಕೆ ಅಡ್ಡಿ, ಅದರಲ್ಲಿರುವ ಸಿಲಿಕಾ ಉಳಿಯ ಬಾಯನ್ನು ಬೇಗ ಮೊಂಡಾಗಿಸುತ್ತದೆ.

ಹಲಸು ಒಣಗಿ ನಿಂತಿದೆ ಎಂದಿದ್ದೀರಿ. ದಿಮ್ಮಿಯಾಗಿ ಒಣಗಿದ್ದು ಒಳಗೂ ಒಣಗಿದೆ ಎಂದು ನಂಬಬೇಡಿ. ಈಗಲೇ ಸೀಳಿಸಿ, ಹಲಗೆಗಳ ನಡುವೆ ರೀಪಿನ ತುಂಡುಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ಅಟ್ಟಿ ಹಾಕಿ, ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿಯಿರಿ. ತೇವ ಅಳೆಯುವ ಮೀಟರ್ ಸಿಕ್ಕರೆ ಸುಮಾರು 12 ಪ್ರತಿಶತಕ್ಕೆ ಇಳಿಯುವವರೆಗೆ ಕಾಯುವುದು ಉತ್ತಮ. ಮೀಟರ್ ಇಲ್ಲದಿದ್ದರೆ ಒಂದು ತುಂಡನ್ನು ಆಗಾಗ ತೂಗಿ ನೋಡಿ. ಬೇಸಿಗೆಯಲ್ಲಿ ತೂಕ ಇಳಿಯುವುದು ನಿಂತಾಗ ಮರ ಸಿದ್ಧವಾಗಿದೆ ಎಂದು ತಿಳಿಯಬಹುದು. ಅಂಟಿಸುವ ಕೆಲಸವೆಲ್ಲ ಒಣಹವೆಯ ತಿಂಗಳುಗಳಲ್ಲಿಯೇ ಮುಗಿಯಲಿ.

ಇನ್ನು ಕೆತ್ತನೆ. ತಲೆಯನ್ನು ಒಡಲಿಗೆ ಸೇರಿಸುವ ಮೊದಲೇ ಬಹುಪಾಲು ಕೆತ್ತಿಕೊಳ್ಳಿ, ಏಕೆಂದರೆ ಪುಟ್ಟ ತುಂಡನ್ನು ಬೇಕಾದ ಹಾಗೆ ತಿರುಗಿಸಿ ಬಿಗಿಯಬಹುದು. ಕತ್ತು ಮತ್ತು ಎದೆ ಸೇರುವ ಜಾಗವನ್ನು ಮಾತ್ರ ಕೂಡಿಸಿದ ಮೇಲೆ ಕೆತ್ತಿದರೆ ರೇಖೆ ಕಡಿಯದೆ ಹರಿಯುತ್ತದೆ. ಹಣೆಯಿಂದ ಮೂತಿಯವರೆಗಿನ ನಡುಗೆರೆಯನ್ನು ಕೊನೆಯವರೆಗೂ ಅಳಿಸಬೇಡಿ. ಕೆತ್ತಿ ಹೋದಾಗಲೆಲ್ಲ ಮತ್ತೆ ಎಳೆಯಿರಿ. ಒಂದು ಕೆನ್ನೆಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವುದು ಸರಿಯಲ್ಲ. ಎಡಕ್ಕೆ ಸ್ವಲ್ಪ, ಬಲಕ್ಕೆ ಅಷ್ಟೇ ಎಂದು ಸಾಗಬೇಕು, ಆಗಾಗ ಮುಂದಿನಿಂದ ಮತ್ತು ಮೇಲಿನಿಂದ ನೋಡಬೇಕು. ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿ, ಮೂತಿಗಿಂತ ಕಿವಿಗೆ ಹತ್ತಿರವಾಗಿ ಇರುತ್ತದೆ, ಮತ್ತು ಅದರ ಮೇಲಿನ ಎಲುಬು ಹೊರಚಾಚಿ ನೆರಳು ಬೀಳಿಸುತ್ತದೆ. ಕಣ್ಣನ್ನು ಮುಂದಕ್ಕೆ ತಂದರೆ ಮನುಷ್ಯನ ಮುಖದ ಛಾಯೆ ಬಂದುಬಿಡುತ್ತದೆ. ಸಾಧ್ಯವಾದರೆ ನಿಜವಾದ ಕುದುರೆಯ ದವಡೆ, ಕತ್ತಿನ ಬುಡ, ಮಂಡಿ ಇವುಗಳನ್ನು ಕೈಯಿಂದ ಸವರಿ ನೋಡಿ. ನಮ್ಮ ದೇವಸ್ಥಾನಗಳ ಅಶ್ವವಾಹನಗಳನ್ನೂ ಹತ್ತಿರದಿಂದ ಗಮನಿಸಿ: ಎದೆಯ ಬಿಗುವು, ಕತ್ತಿನ ಬಾಗುಗಳನ್ನು ಹೇಗೆ ದೊಡ್ಡ ಸಮತಲಗಳಲ್ಲಿ ಮೊದಲು ಇಳಿಸಿ ಆಮೇಲೆ ದುಂಡಾಗಿಸಿದ್ದಾರೆ ಎಂಬುದು ಅಲ್ಲಿ ಕಾಣುತ್ತದೆ. ಸಾಗರ, ಸೊರಬದ ಗುಡಿಗಾರರ ಮನೆತನಗಳು ನಿಮಗೆ ದೂರವೇನಲ್ಲ. ಉಳಿ ಹಿಡಿಯುವ ಬಗೆಯನ್ನು ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ಕುಳಿತು ನೋಡಿದರೆ ಬರಹದಿಂದ ಸಿಗದ ಎಷ್ಟೋ ವಿಷಯ ಸಿಗುತ್ತದೆ.

ಒಡಲಿನ ಒರಟು ಮರವನ್ನು ತೆಗೆಯಲು ಬಾಚಿ ಸಾಕು, ಅದಾದ ಮೇಲೆ ದುಂಡುಬಾಯಿಯ ಅಗಲ ಉಳಿ ಮತ್ತು ಕೊಡತಿ, ಕಾಲುಗಳಿಗೆ ಒರಟು ಅರ, ಕೊನೆಗೆ ಉಪ್ಪುಕಾಗದ. ಉಪ್ಪುಕಾಗದಕ್ಕೆ ಅವಸರಪಟ್ಟರೆ ಮರದ ಮೇಲೆ ಉಳಿದ ಹರಳುಕಣಗಳು ಮುಂದೆ ಉಳಿಯ ಬಾಯನ್ನು ಕೆಡಿಸುತ್ತವೆ, ಆದ್ದರಿಂದ ಕೆತ್ತನೆ ಪೂರ್ತಿ ಮುಗಿಯುವ ತನಕ ಅದನ್ನು ಮುಟ್ಟಬೇಡಿ.

ಕೊಪ್ಪಳದ ಬಣ್ಣಗಾರ

ಲೇಪದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯ ಕಿನ್ನಾಳದಲ್ಲಿ ಇದೇ ಸಮಸ್ಯೆಯನ್ನು ಬೇರೆ ಸಾಮಗ್ರಿಗಳಿಂದ ಬಗೆಹರಿಸಿಕೊಂಡಿದ್ದಾರೆ.

ಇಂಗ್ಲೆಂಡಿನ ಲೇಪಕ್ಕೆ ಗೆಸ್ಸೊ ಎನ್ನುತ್ತಾರೆ. ಮೊಲದ ಚರ್ಮದಿಂದ ತೆಗೆದ ಅಂಟು ಒಂದು ಪಾಲಿಗೆ ಸುಮಾರು ಹತ್ತು ಪಾಲು ನೀರು ಹಾಕಿ ರಾತ್ರಿಯಿಡೀ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕುದಿಯದಂತೆ ಕರಗಿಸಿ, ವೈಟಿಂಗ್ ಪುಡಿಯನ್ನು, ಅಂದರೆ ನಯವಾದ ಕ್ಯಾಲ್ಸಿಯಂ ಕಾರ್ಬೊನೇಟನ್ನು, ಕೆನೆಯ ಹದಕ್ಕೆ ಬರುವಷ್ಟು ಬೆರೆಸುತ್ತಾರೆ. ಕುದಿಸಿದರೆ ಅಂಟಿನ ಬಲ ಹೋಗುತ್ತದೆ. ಅದನ್ನು ಬೆಚ್ಚಗಿರುವಾಗಲೇ ಕುಂಚದಿಂದ ತೆಳುವಾಗಿ ಹಲವು ಸಲ ಬಳಿದು, ಒಣಗಿದ ಮೇಲೆ ಉಜ್ಜಿದರೆ ಮರದ ನಾರು, ಕೂಡಿಕೆಯ ಗೆರೆ, ಉಳಿಯ ಗುರುತು ಎಲ್ಲ ಮುಚ್ಚಿ ಮೊಟ್ಟೆಯ ಚಿಪ್ಪಿನಂಥ ಮೈ ಬರುತ್ತದೆ. ಶಾಲೆಯ ಸೀಮೆಸುಣ್ಣವನ್ನು ಪುಡಿ ಮಾಡಿ ಬಳಸಬೇಡಿ. ಅದು ಅನೇಕ ವೇಳೆ ಜಿಪ್ಸಮ್ ಆಗಿರುತ್ತದೆ.

ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಮೂರ್ತಿಯ ಭಾಗಗಳನ್ನು ಬೇರೆ ಬೇರೆಯಾಗಿ ಕೆತ್ತಿ ಜೋಡಿಸಿದ ನಂತರ, ಸೆಣಬಿನ ಚಿಂದಿಯನ್ನು ನೆನೆಸಿ ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಂದಿಗೆ ಕಲಸಿ ಮಾಡಿದ ಕಿಟ್ಟವನ್ನು ಮೈಮೇಲೆಲ್ಲ ಕೈಯಿಂದ ಹಚ್ಚುತ್ತಾರೆ. ಅದರ ಮೇಲೆ ಹುಣಸೆಬೀಜದ ಅಂಟಿನಿಂದಲೇ ಹತ್ತಿಬಟ್ಟೆಯ ಚೂರುಗಳನ್ನು ಅಂಟಿಸಿ, ಆಮೇಲೆ ಕಲ್ಲಿನ ಪುಡಿಯ ನಯವಾದ ಲೇಪ ಕೊಟ್ಟು ಬಣ್ಣ ಹಾಕುತ್ತಾರೆ. ನಡುವಿನ ಆ ಬಟ್ಟೆಯ ಪದರವೇ ನಿಮಗೆ ಬೇಕಾದದ್ದು. ಕೂಡಿಕೆಗಳು ಋತುವಿನೊಂದಿಗೆ ಕೂದಲೆಳೆಯಷ್ಟು ಸರಿದರೂ ಮೇಲಿನ ಲೇಪ ಸೀಳದಂತೆ ಅದು ಹಿಡಿದಿಡುತ್ತದೆ. ಗೆಸ್ಸೊ ಬಳಸಿದರೂ ಕತ್ತು ಮತ್ತು ಎದೆ ಸೇರುವ ಗೆರೆ, ಕಾಲಿನ ಬುಡ, ಬೆನ್ನಿನ ಹಲಗೆಯ ಅಂಚು ಈ ಮೂರು ಕಡೆಯಾದರೂ ತೆಳುವಾದ ಹಳೆಯ ಹತ್ತಿಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಹಾಸಿಬಿಡಿ.

ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಅಂಟೂ ಹುಣಸೆಬೀಜದ ಅಂಟೂ ತೇವ ಹೀರಿ ಮೆತ್ತಗಾಗುವ, ಬೂಸ್ಟು ಹಿಡಿಯುವ ಸಾಧ್ಯತೆ ಇದ್ದೇ ಇದೆ. ನಿಮ್ಮ ಊರಿಗೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಅಕ್ರಿಲಿಕ್ ಗೆಸ್ಸೊ ಹೆಚ್ಚು ನಂಬಿಕೆಗೆ ಅರ್ಹ. ಉಜ್ಜಿದಾಗ ಅಷ್ಟು ನುಣುಪು ಬಾರದಿರಬಹುದು, ಆದರೆ ತೇವಕ್ಕೆ ಕರಗುವುದಿಲ್ಲ. ಚನ್ನಪಟ್ಟಣದ ಅರಗಿನ ಬಣ್ಣ ಆಗದೇ ಎಂದು ಯಾರಾದರೂ ಕೇಳಬಹುದು. ಅರಗನ್ನು ಹಚ್ಚುವುದು ತಿರುಗುವ ಮರಕ್ಕೆ ಒತ್ತಿ ಹಿಡಿದು, ತಿಕ್ಕಾಟದ ಬಿಸಿಗೆ ಕರಗಿಸಿ. ಹಾಗಾಗಿ ಅದು ಚರಕಿಯ ಮೇಲೆ ಕಡೆದ ದುಂಡನೆಯ ವಸ್ತುವಿಗೆ ಮಾತ್ರ ಹೊಂದುತ್ತದೆ, ಕೆತ್ತಿದ ಕುದುರೆಯ ಮೈಗೆ ಹೊಂದುವುದಿಲ್ಲ.

ಬೂದು ಮಚ್ಚೆಗಳಿಗೆ ಮೊದಲು ತಿಳಿಬೂದು ಬಣ್ಣದ ಮೈ ಪೂರ್ತಿ ಒಣಗಲಿ. ಆಮೇಲೆ ಗಾಢವಾದ ಬೂದನ್ನು ಬಟ್ಟೆಯ ಉಂಡೆಯಿಂದ ಒತ್ತುತ್ತ, ನಡುವೆ ತಿಳಿಯಾದ ದುಂಡನೆಯ ಜಾಗಗಳು ಉಳಿಯುವಂತೆ ಸಾಗಿ. ಮಚ್ಚೆ ಎಂದರೆ ಹಚ್ಚಿದ ಚುಕ್ಕಿಯಲ್ಲ, ಬಿಟ್ಟ ಜಾಗ. ತೊಡೆ ಮತ್ತು ಭುಜದಲ್ಲಿ ಅವು ದಟ್ಟವಾಗಿ, ಹೊಟ್ಟೆಯ ಕಡೆಗೆ ವಿರಳವಾಗಿರಲಿ. ಮೂತಿ, ಮಂಡಿಗಳು ಕಪ್ಪಿಗೆ ತಿರುಗಲಿ, ಹೊಳ್ಳೆಯ ಒಳಗೂ ಬಾಯೊಳಗೂ ಕೆಂಪು ಬರಲಿ. ಮಗು ಕಿವಿಯನ್ನೋ ಕತ್ತನ್ನೋ ಕಚ್ಚುವುದು ಖಂಡಿತ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಬಾರದೆಂದು 2016ರ ಕೇಂದ್ರ ನಿಯಮ ಹೇಳುತ್ತದೆ. ಡಬ್ಬಿಯ ಮೇಲೆ ಆ ಘೋಷಣೆಯನ್ನು ಓದಿಯೇ ಕೊಳ್ಳಿ, ಗುರುತಿಲ್ಲದ ಹಳೆಯ ಡಬ್ಬಿಯ ಬಣ್ಣವನ್ನು ಬಳಸಬೇಡಿ.

ತುಂಗಾತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಲಸನ್ನು ಸೀಳಿಸುವ ಏರ್ಪಾಡು ಮಾಡುತ್ತಿದ್ದೇನೆ, ಶಿವನೆಯ ಹಲಗೆಗಳನ್ನೂ ವಿಚಾರಿಸುತ್ತೇನೆ. ಒಂದು ಸಂಗತಿ ಉಳಿಯಿತು. ಕೆಲವು ಕುದುರೆಗಳು ಬಿಲ್ಲಿನಂತೆ ಬಾಗಿದ ಪಟ್ಟಿಗಳ ಮೇಲೆ ನಿಲ್ಲುತ್ತವೆ, ಕೆಲವು ಕಂಬಗಳಿರುವ ಪೀಠದಿಂದ ಕಬ್ಬಿಣದ ಸರಳುಗಳಲ್ಲಿ ತೂಗುತ್ತವೆ. ಯಾವುದು ಮೇಲು? ಬಿಲ್ಲುಪಟ್ಟಿಯಾದರೆ ಅದರ ಬಾಗನ್ನು ಹೇಗೆ ನಿರ್ಧರಿಸಬೇಕು?

ಯಾರ್ಕ್‌ಷೈರ್ ಕನ್ನಡಿಗ

ಬಿಲ್ಲುಪಟ್ಟಿ ಹಳೆಯದು. ತೂಗುವ ಪೀಠವು 1880ರ ಆಸುಪಾಸಿನಲ್ಲಿ ಅಮೆರಿಕದ ಸಿನ್ಸಿನಾಟಿಯ ಫಿಲಿಪ್ ಮಾರ್ಕ್ವಾ ಎಂಬವರು ಪೇಟೆಂಟ್ ಪಡೆದ ಮೇಲೆ ಬಳಕೆಗೆ ಬಂದು, ಇಂಗ್ಲೆಂಡಿನ ತಯಾರಕರಲ್ಲಿಯೂ ಬೇಗ ಹರಡಿತು. ಅದರಲ್ಲಿ ಕುದುರೆಯ ಗೊರಸುಗಳನ್ನು ಎರಡು ಉದ್ದನೆಯ ಮರದ ಪಟ್ಟಿಗಳಿಗೆ ಬೋಲ್ಟಿನಿಂದ ಬಿಗಿಯುತ್ತಾರೆ; ಪೀಠದ ಮೇಲಿನ ಅಡ್ಡಪಟ್ಟಿಯ ಎರಡೂ ತುದಿಗಳಿಂದ ಇಳಿಬಿಟ್ಟ ಬಾಗಿದ ಉಕ್ಕಿನ ಸರಳುಗಳು ಆ ಪಟ್ಟಿಗಳನ್ನು ಹೊರುತ್ತವೆ. ಪೀಠ ಕದಲುವುದಿಲ್ಲ, ಜಾಗ ಕಡಿಮೆ ಸಾಕು, ನೆಲದಲ್ಲಿ ಕುಳಿತ ಇನ್ನೊಂದು ಮಗುವಿನ ಬೆರಳು ಪಟ್ಟಿಯಡಿ ಸಿಕ್ಕುವ ಭಯವಿಲ್ಲ. ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ಓಡಾಡುವುದಾದರೆ ಇದನ್ನೇ ಆರಿಸಿ. ಅದರ ಎರಡು ಕಂಬಗಳನ್ನು ಚರಕಿಯ ಮೇಲೆ ಕಡೆಯುತ್ತಾರೆ. ಬಣ್ಣಗಾರರು ಹೇಳಿದ ಅರಗಿನ ಬಣ್ಣ ಅಲ್ಲಿಗೆ ಸೊಗಸಾಗಿ ಒಪ್ಪುತ್ತದೆ.

ಬಿಲ್ಲುಪಟ್ಟಿಯ ಚೆಲುವು ಬೇರೆಯೇ, ನನಗೂ ಅದೇ ಹೆಚ್ಚು ಇಷ್ಟ. ಅದರ ಲೆಕ್ಕ ಹೀಗಿದೆ. ಪಟ್ಟಿಯು ಯಾವ ವೃತ್ತದ ಭಾಗವೋ ಆ ವೃತ್ತದ ಕೇಂದ್ರಕ್ಕಿಂತ ಕುದುರೆ ಮತ್ತು ಸವಾರರ ಒಟ್ಟು ಭಾರದ ಕೇಂದ್ರವು ಕೆಳಗಿರಬೇಕು. ಆಗ ಮಾತ್ರ ಅದು ತೂಗಿದ ಮೇಲೆ ತಾನಾಗಿ ಹಿಂದಿರುಗುತ್ತದೆ. ಆಸನವನ್ನು ನೆಲದಿಂದ 55 ಸೆಂಟಿಮೀಟರ್ ಎತ್ತರಕ್ಕೆ ಇಟ್ಟರೆ ಮಗುವಿನ ಭಾರದ ಕೇಂದ್ರ ಹೆಚ್ಚೆಂದರೆ 70 ಸೆಂಟಿಮೀಟರಿನ ಹತ್ತಿರ ಇರುತ್ತದೆ. 180 ಸೆಂಟಿಮೀಟರ್ ತ್ರಿಜ್ಯದ ಬಾಗು ಇದಕ್ಕೆ ಸಾಕಷ್ಟು ಭದ್ರ. ಪಟ್ಟಿಯ ತುದಿಯಿಂದ ತುದಿಗೆ ನೇರ ಅಂತರ 130 ಸೆಂಟಿಮೀಟರ್ ಆದರೆ ತುದಿಗಳು ನೆಲದಿಂದ ಸುಮಾರು 12 ಸೆಂಟಿಮೀಟರ್ ಮೇಲೇಳುತ್ತವೆ. ತ್ರಿಜ್ಯವನ್ನು ಇನ್ನೂ ಹೆಚ್ಚಿಸಿದರೆ ತೂಗು ಗಡುಸಾಗಿ ಚಿಕ್ಕದಾಗುತ್ತದೆ, ತಗ್ಗಿಸಿದರೆ ನಿಧಾನವಾಗಿ ಆಳಕ್ಕೆ ಇಳಿಯುತ್ತದೆ. ಮೂರು ವರ್ಷದ ಮಗುವಿಗೆ ಗಡುಸಿನ ಕಡೆಗೆ ವಾಲುವುದೇ ಕ್ಷೇಮ. ತುದಿಗಳ ಅಡಿಯಲ್ಲಿ ತಡೆತುಂಡುಗಳನ್ನು ಮರೆಯದೆ ಹಾಕಿ.

ಈ ಬಾಗನ್ನು ಒಂದೇ ನೇರ ಹಲಗೆಯಿಂದ ಕತ್ತರಿಸಿದರೆ ತುದಿಗಳಲ್ಲಿ ನಾರು ಅಡ್ಡಲಾಗಿ ತುಂಡಾಗುತ್ತದೆ, ನೆಲಕ್ಕೆ ಬಡಿಯುವುದೂ ಅಲ್ಲಿಯೇ. ಐದಾರು ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ಬಾಗಿದ ಅಚ್ಚಿನ ಮೇಲೆ ಒಂದರ ಮೇಲೊಂದು ಅಂಟಿಸಿ ಬಿಗಿದರೆ ನಾರು ಬಾಗಿನ ಉದ್ದಕ್ಕೂ ಹರಿಯುತ್ತದೆ. ಎರಡು ಬಿಲ್ಲುಗಳ ನಡುವಿನ ಅಂತರ ಒಡಲಿನ ಅಗಲಕ್ಕಿಂತ ಧಾರಾಳವಾಗಿ ಹೆಚ್ಚಿರಲಿ, ಇಲ್ಲದಿದ್ದರೆ ಮಗು ಪಕ್ಕಕ್ಕೆ ಜೋತುಬಿದ್ದಾಗ ಕುದುರೆ ವಾಲುತ್ತದೆ. ಕಾಲುಗಳ ಅಗಲಿಕೆಯನ್ನು ನಿರ್ಧರಿಸುವುದು ಇದೇ ಅಳತೆ, ಆದ್ದರಿಂದ ಹೊಟ್ಟೆಯ ಹಲಗೆಯಲ್ಲಿ ಕಚ್ಚು ಕತ್ತರಿಸುವುದಕ್ಕಿಂತ ಮೊದಲೇ ಪೀಠವೋ ಬಿಲ್ಲೋ ಎಂಬುದನ್ನು ತೀರ್ಮಾನಿಸಿಕೊಳ್ಳಿ.

ಬಾಲವನ್ನು ಹಿಂಭಾಗದಲ್ಲಿ ಕೊರೆದ ರಂಧ್ರಕ್ಕೆ ಅಂಟು ಮತ್ತು ಬೆಣೆಯಿಂದ ಭದ್ರಪಡಿಸಿ. ಕತ್ತಿನ ಕೂದಲನ್ನು ಚರ್ಮದ ಪಟ್ಟಿಗೆ ಹೊಲಿದು ಮೊಳೆಗಳಿಂದ ಕೂರಿಸಬಹುದು. ಗಾಜಿನ ಕಣ್ಣುಗಳು ಕಳಚಿದರೆ ಮಗುವಿನ ಬಾಯಿಗೆ ಹೋಗುವಷ್ಟು ಸಣ್ಣವು. ನಿಮ್ಮ ಮೊಮ್ಮಗಳ ವಯಸ್ಸಿಗೆ ಮರದಲ್ಲಿಯೇ ಕೆತ್ತಿ ಬಣ್ಣ ಬರೆದ ಕಣ್ಣು ಒಳ್ಳೆಯದು.

ಶಿರಸಿಯ ಬಡಗಿ

ಬಿಲ್ಲಿನ ಅಚ್ಚಿಗೆ ಬಾಗಿಸಿದ ಪಟ್ಟಿಗಳನ್ನು ಒಂದು ಹಗಲಿನ ಬದಲು ಎರಡು ಹಗಲು ಬಿಗಿದಿಡಿ, ಬಿಚ್ಚಿದಾಗ ಅವು ತುಸು ನೆಟ್ಟಗಾಗಲು ನೋಡುತ್ತವೆ; ಅಚ್ಚಿನ ಬಾಗನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳುವುದು ಇದಕ್ಕಾಗಿ. ಹಲಸನ್ನು ಸೀಳಿಸಿದ ದಿನವೇ ಹಲಗೆಗಳ ತುದಿಗೆ ಬಣ್ಣ ಬಳಿಯಿರಿ, ಮರುದಿನಕ್ಕೆ ಬಿಡಬೇಡಿ.